ನೇರ ಹೊಲಿಗೆ ಒಂದೇ ಬರುವ ಮಷಿನ್ನು

ಅತ್ತೆಯ ಹೊಲಿಗೆ ಮಷಿನ್ನಿನ ಬಾಬಿನ್ನಿನಲ್ಲಿ, ಅಂದರೆ ಅಡಿಯ ದಾರ ಸುತ್ತುವ ಪುಟ್ಟ ಉರುಳೆಯಲ್ಲಿ, ಐದು ಬಣ್ಣದ ದಾರವಿತ್ತು. ಮೇಲ್ಗಡೆ ನೀಲಿ. ತುದಿ ಹಿಡಿದು ಎಳೆದರೆ ಎರಡು ಮಾರು ಬಂದು ಮುಗಿಯಿತು, ಅಡಿಯಲ್ಲಿ ಬಿಳಿ ಕಾಣಿಸಿತು. ಬಿಳಿ ಮುಗಿದ ಮೇಲೆ ಕಡುಗೆಂಪು, ಅದಾದ ಮೇಲೆ ಎಲೆಹಸಿರು, ತೀರಾ ಒಳಗೆ, ಲೋಹಕ್ಕೆ ಅಂಟಿಕೊಂಡಂತೆ, ಕಪ್ಪು. ಒಂದು ಬಟ್ಟೆ ಹೊಲಿದು ಉಳಿದ ದಾರವನ್ನು ಬಿಚ್ಚಿ ಎಸೆಯದೆ, ಅದರ ಮೇಲೆಯೇ ಮುಂದಿನ ಬಟ್ಟೆಯ ದಾರ ಸುತ್ತಿದ್ದಾರೆ ಅತ್ತೆ. ಹೊಲಿಗೆ ಕಲಿಸುವವರು ಹಾಗೆ ಮಾಡಬೇಡಿ ಅನ್ನುತ್ತಾರೆ, ಒಳಗಿನ ದಾರ ಜರುಗಿ ಟೆನ್ಶನ್, ಅಂದರೆ ದಾರದ ಬಿಗಿ, ಕೆಡುತ್ತದೆ ಎಂದು. ಅದು ನಿಜವೇ. ಆದರೆ ನೆಲದ ಮೇಲೆ ಕೂತು ಆ ಐದು ದಾರಗಳನ್ನು ಒಂದೊಂದಾಗಿ ಬಿಚ್ಚಿ ರಟ್ಟಿನ ತುಂಡಿಗೆ ಸುತ್ತಿಡುತ್ತಿದ್ದಾಗ, 19 ವರ್ಷ ನಾನು ಏನನ್ನು ಅಟ್ಟದ ಮೇಲೆ ಹಾಕಿಟ್ಟಿದ್ದೆ ಎಂಬುದು ಮೊದಲ ಸಲ ಅರ್ಥವಾಗತೊಡಗಿತು.

ಅಟ್ಟ ಹತ್ತಿದ್ದು ಮಷಿನ್ನಿಗಾಗಿಯೇ, ಆದರೆ ಪ್ರೀತಿಯಿಂದಲ್ಲ. ಕೌದಿಯೊಂದನ್ನು ಅರ್ಧ ಹೊಲಿದಿದ್ದೆ. ನಾನು ದಿನವೂ ಬಳಸುತ್ತಿದ್ದ ಮಷಿನ್ನು ಕಂಪ್ಯೂಟರಿನದು. ಪರದೆಯ ಮೇಲೆ ನೂರಾರು ಬಗೆಯ ಹೊಲಿಗೆ, ಬಟನ್ ಒತ್ತಿದರೆ ದಾರ ತಾನೇ ಕತ್ತರಿಸಿಕೊಳ್ಳುವಂಥದ್ದು. ಒಂದು ಬೆಳಿಗ್ಗೆ ಆನ್ ಮಾಡಿದರೆ ಪರದೆ ಬೆಳಗಲೇ ಇಲ್ಲ. ಒಳಗಿನ ಬೋರ್ಡು ಹೋಗಿದೆ, ಆ ಮಾಡೆಲ್ಲಿನ ಬೋರ್ಡು ಈಗ ಬರುವುದಿಲ್ಲ ಅಂದರು ರಿಪೇರಿಯವರು. ಮಷಿನ್ನಿನ ಗೇರು, ಹಲ್ಲು, ಸೂಜಿಕಂಬ ಎಲ್ಲ ಗಟ್ಟಿಮುಟ್ಟಾಗಿದ್ದವು. ಅಂಗೈಯಗಲದ ಒಂದು ಹಲಗೆ ಸತ್ತಿದ್ದಕ್ಕೆ ಇಡೀ ಯಂತ್ರ ಸತ್ತಿತು. ಬೇರೆ ಕೊಳ್ಳುವ ತನಕ ಕೆಲಸ ನಡೆಯಲಿ ಎಂದು ಮೇಲಿನ ಕಪ್ಪು ಪೆಟ್ಟಿಗೆ ಇಳಿಸಿದೆ.

ಇಳಿಸುವಾಗಲೇ ಒಂದು ಆಶ್ಚರ್ಯ. ಏಣಿಯ ಮೇಲೆ ನಿಂತು ಒಂದೇ ಕೈಯಲ್ಲಿ ಹಿಡಿಯಬಹುದಾದ ಭಾರ ಅದು. ನೆನಪಿನಲ್ಲಿ ಇನ್ನೂ ಭಾರವಾಗಿತ್ತು. ಹಳೆಯ ಹೊಲಿಗೆ ಮಷಿನ್ನು ಅಂದರೆ ಇಬ್ಬರು ಎತ್ತಬೇಕು ಎಂಬ ಭಾವನೆ ನಮಗೆಲ್ಲ ಇರುತ್ತದಲ್ಲ. ಪೆಟ್ಟಿಗೆಯ ಎರಡು ಕೊಂಡಿ ತೆಗೆದು ಮುಚ್ಚಳ ಎತ್ತಿದಾಗ ಎದ್ದ ವಾಸನೆ ಮಾತ್ರ ನೆನಪಿನಲ್ಲಿದ್ದದ್ದೇ: ಹಳೆಯ ಅಂಟು, ಒಣಗಿದ ಎಣ್ಣೆ, ಸ್ವಲ್ಪ ಬೂಷ್ಟು.

ಸಿಂಗರ್ 221. ಹೊಲಿಯುವವರ ನಡುವೆ ಇದರ ಹೆಸರು ಫೆದರ್‌ವೇಟ್. 1933ರಲ್ಲಿ ಅಮೆರಿಕದಲ್ಲಿ ಮೊದಲು ಬಂತು. ಆ ವರ್ಷ ಷಿಕಾಗೋದಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆದಿತ್ತು, ಅಲ್ಲಿಗೆ ಹೋದವರು ಇದನ್ನು ಕಂಡರು. ಆರ್ಥಿಕ ಕುಸಿತದ ನಡುವಿನ ವರ್ಷ ಅದು. ಅದಕ್ಕೂ ಮೊದಲು ಕೈಯಲ್ಲಿ ಹಿಡಿದು ಒಯ್ಯುವ ಮಷಿನ್ನು ಇರಲಿಲ್ಲ ಅಂತಲ್ಲ. ಹಿಡಿಕೆಯ ಪೆಟ್ಟಿಗೆಯಲ್ಲಿ ಕೂತವು ಇದ್ದವು, ಆದರೆ ಮೈ ಎರಕದ ಕಬ್ಬಿಣದ್ದು. ಹಿಡಿಕೆ ಇದ್ದ ಮಾತ್ರಕ್ಕೆ ಹಗುರವಾಗುವುದಿಲ್ಲ. 1920ರ ದಶಕದ ಕೊನೆಗೆ ಕ್ಲೀವ್‌ಲ್ಯಾಂಡಿನ ಸ್ಟ್ಯಾಂಡರ್ಡ್ ಕಂಪನಿ ಸ್ಯೂಹ್ಯಾಂಡಿ ಎಂಬ ಪುಟ್ಟ ಮಷಿನ್ನನ್ನು ತಂದಿತ್ತು. 221 ಬಂದಾಗ ಅದರ ಗಾತ್ರ, ನಿಲುವು ಎಲ್ಲ ಅದನ್ನೇ ಹೋಲುತ್ತಿತ್ತು. ಮೈ ಅಲ್ಯುಮಿನಿಯಮ್ಮಿನದು, ತೂಕ ಸುಮಾರು ಐದು ಕಿಲೋ. ಎಡಗಡೆಯ ಹಾಸು ಕೀಲಿನ ಮೇಲೆ ಮೇಲಕ್ಕೆ ಮಡಚಿಕೊಳ್ಳುತ್ತದೆ. ಮಡಚಿದಾಗ ಪೆಟ್ಟಿಗೆಯಲ್ಲಿ ಕೂರುತ್ತದೆ, ಬಿಡಿಸಿದಾಗ ಬಟ್ಟೆ ಇಡಲು ಜಾಗವಾಗುತ್ತದೆ.

ನಮ್ಮ ಅತ್ತೆಯದು ಇಂಗ್ಲಿಷಿನ 'ಇ' ಅಕ್ಷರದಿಂದ ಶುರುವಾಗುವ ನಂಬರಿನದು, 221ರ ಕೊನೆಗೆ 'ಕೆ' ಇರುವಂಥದ್ದು. 'ಕೆ' ಅಂದರೆ ಕಿಲ್‌ಬೋವಿ, ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಊರಿನ ಕಾರ್ಖಾನೆ. ಹಾಗಾಗಿ ಇದು 1950ರ ಆಸುಪಾಸಿನದು, ಮೋಟಾರೂ 220 ವೋಲ್ಟಿನ ಕಡೆಯದು. ಅಮೆರಿಕದಲ್ಲಿ ಮಾರಿದವು 110 ವೋಲ್ಟಿನವು. ಹಳೆಯದನ್ನು ಕೊಳ್ಳುವವರು ಮೋಟಾರಿನ ಮೇಲಿನ ಪಟ್ಟಿ ಓದದೆ ಪ್ಲಗ್ಗು ಸಿಕ್ಕಿಸಬಾರದು.

ಆ ಕಾರ್ಖಾನೆಯ ಬಗ್ಗೆ ಓದುತ್ತ ಹೋದವಳು ಎರಡು ರಾತ್ರಿ ಕಳೆದೆ. 1885ರಿಂದ ಮಷಿನ್ನು ಕಟ್ಟಿದ ಜಾಗ. ಅದರ ಗೋಪುರದ ಮೇಲೆ ನಾಲ್ಕು ಮುಖದ ಗಡಿಯಾರವಿತ್ತು, ಆ ಕಾಲಕ್ಕೆ ಜಗತ್ತಿನಲ್ಲೇ ದೊಡ್ಡ ನಾಲ್ಕು ಮುಖದ ಗಡಿಯಾರ. ಇಡೀ ಊರು ಅದನ್ನು ನೋಡಿ ಹೊತ್ತು ತಿಳಿಯುತ್ತಿತ್ತು. 1911ರಲ್ಲಿ ಮರದ ಪೆಟ್ಟಿಗೆಗಳಿಗೆ ಮೆರುಗು ಕೊಡುತ್ತಿದ್ದ 12 ಹೆಣ್ಣುಮಕ್ಕಳ ಮೇಲೆ ಕೆಲಸದ ಹೊರೆ ಹೆಚ್ಚಿಸಿದರು ಎಂದು ಅವರು ಕೈಕಟ್ಟಿ ಕೂತರು. ಅವರ ಬೆನ್ನಿಗೆ ಸುಮಾರು 11,000 ಜನ ಕೆಲಸ ಬಿಟ್ಟು ಹೊರಬಂದರು. ಮುಷ್ಕರ ಗೆಲ್ಲಲಿಲ್ಲ. ಗಡಿಯಾರದ ಗೋಪುರವನ್ನು 1963ರಲ್ಲಿ ಕೆಡವಿದರು, ಕಾರ್ಖಾನೆ 1980ರಲ್ಲಿ ಮುಚ್ಚಿತು. ಅಲ್ಲಿನ ರೈಲು ನಿಲ್ದಾಣದ ಹೆಸರು ಮಾತ್ರ ಈಗಲೂ ಸಿಂಗರ್. ನನ್ನ ಮೇಜಿನ ಮೇಲಿರುವ ಮಷಿನ್ನಿನ ಸ್ಕ್ರೂಗಳನ್ನು ಆ ಗಡಿಯಾರ ನೋಡಿ ಕೆಲಸಕ್ಕೆ ಬಂದ ಯಾರೋ ಬಿಗಿದಿದ್ದಾರೆ ಅನ್ನುವುದು ನನಗೆ ಸಣ್ಣ ವಿಷಯ ಅನಿಸುವುದಿಲ್ಲ.

ಅತ್ತೆ ಇದನ್ನು ನನಗೆ ಕೊಟ್ಟದ್ದು ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲು ಆಗದಾದಾಗ. "ನೀನೇ ಇಟ್ಕೋ, ನಿನ್ನ ಕೈಲಿದ್ರೆ ಓಡ್ತಿರತ್ತೆ" ಅಂದಿದ್ದರು. ನಾನು ಓಡಿಸಲಿಲ್ಲ. ಆಗ ನನಗೆ ಅಂಕುಡೊಂಕು ಹೊಲಿಗೆ ಬೇಕಿತ್ತು, ಗುಂಡಿಮನೆ ತಾನೇ ಹಾಕುವ ಮಷಿನ್ನು ಬೇಕಿತ್ತು, ಹಿಗ್ಗುವ ಬಟ್ಟೆ ಹೊಲಿಯಬೇಕಿತ್ತು. ಇದಕ್ಕೆ ಬರುವುದು ನೇರ ಹೊಲಿಗೆ ಒಂದೇ. ಮುಂದೆ ಹೋಗುತ್ತದೆ, ಸನ್ನೆ ಮೇಲೆತ್ತಿದರೆ ಹಿಂದೆ ಬರುತ್ತದೆ, ಅಷ್ಟೇ. ಒಂದೇ ವಿದ್ಯೆ ಬಲ್ಲದ್ದನ್ನು ಏನು ಮಾಡಲಿ ಅಂದುಕೊಂಡು ಮೇಲಿಟ್ಟೆ. ಅತ್ತೆ ಇರುವಷ್ಟು ಕಾಲವೂ ಸಿಕ್ಕಾಗೆಲ್ಲ "ಮಷಿನ್ನು ಹೇಗಿದೆ?" ಎಂದು ಕೇಳುತ್ತಿದ್ದರು. ಚೆನ್ನಾಗಿದೆ ಅತ್ತೆ ಅನ್ನುತ್ತಿದ್ದೆ. ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ. ಇವತ್ತಿಗೂ ನನ್ನನ್ನು ಚುಚ್ಚುವ ಮಾತು ಅದು.

ಕೈಚಕ್ರ ತಿರುಗಿಸಿ ನೋಡಿದೆ. ಅಲುಗಲಿಲ್ಲ.

ತಂತಿಯಿಂದ ಶುರು ಮಾಡಿದೆ. ಹಳೆಯ ಮಷಿನ್ನು ಇಳಿಸಿದ ಯಾರೇ ಆಗಲಿ ಮೊದಲು ನೋಡಬೇಕಾದ್ದು ಅದೇ. ಕಾಲಿನ ಪೆಡಲ್ಲಿಗೆ ಹೋಗುವ ತಂತಿಯನ್ನು ಬಗ್ಗಿಸಿದರೆ ಮೇಲಿನ ರಬ್ಬರು ಹುರಿದ ಹಪ್ಪಳದ ಹಾಗೆ ಒಡೆಯಿತು, ಒಳಗಿನ ತಾಮ್ರ ಇಣುಕಿತು. ಇದನ್ನು ಹಾಗೆಯೇ ಪ್ಲಗ್ಗಿಗೆ ಹಾಕಿದ್ದರೆ ಏನಾಗುತ್ತಿತ್ತೋ. ವಿದ್ಯುತ್ತಿನ ಕೆಲಸ ಬಲ್ಲವರಿಂದ ಪೂರ್ತಿ ತಂತಿ ಬದಲಾಯಿಸಿ, ಮೋಟಾರನ್ನು ಪರೀಕ್ಷಿಸಿಕೊಂಡ ಮೇಲೆಯೇ ಉಳಿದದ್ದು. ದೀಪದ ಬಲ್ಬು 15 ವಾಟಿನದು, ತೋಳಿನ ಕೆಳಗೆ ಸರಿಯಾಗಿ ಸೂಜಿಯ ಮೇಲೆ ಬೆಳಕು ಬೀಳುವ ಜಾಗದಲ್ಲಿದೆ. ಅದರ ಲೋಹದ ಟೊಪ್ಪಿಗೆ ಬಿಸಿಯಾಗುತ್ತದೆ. ಬಗ್ಗಿ ಹೊಲಿಯುವಾಗ ಕೈ ತಾಗದಂತೆ ನೋಡಿಕೊಳ್ಳಬೇಕು.

ಬಿಗಿದುಕೊಂಡ ಮಷಿನ್ನು ಸಾಮಾನ್ಯವಾಗಿ ಕೆಟ್ಟಿರುವುದಿಲ್ಲ. ಹಳೆಯ ಎಣ್ಣೆ ವರ್ಷಗಟ್ಟಲೆ ನಿಂತು ಹಳದಿ ಅರಗಾಗಿ, ಒಂದರ ಮೇಲೊಂದು ಜಾರಬೇಕಾದ ಲೋಹಗಳನ್ನು ಹಿಡಿದುಕೊಂಡಿರುತ್ತದೆ. ಬಲವಂತ ಮಾಡಬಾರದು. ಹೊಲಿಗೆ ಮಷಿನ್ನಿನ ತೆಳು ಎಣ್ಣೆಯನ್ನು ಪ್ರತಿ ಕೀಲಿಗೂ ಒಂದೊಂದು ಹನಿ ಬಿಟ್ಟೆ, ಕೂದಲು ಒಣಗಿಸುವ ಡ್ರೈಯರಿನಿಂದ ಅಷ್ಟಷ್ಟೇ ಬಿಸಿಗಾಳಿ ಕೊಟ್ಟೆ, ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಕೈಚಕ್ರ ಒಂದು ಬೆರಳಗಲ ಅಲುಗಿತು. ಮತ್ತೆ ಎಣ್ಣೆ, ಮತ್ತೆ ಬಿಸಿ. ಮೂರನೆಯ ದಿನ ಸೂಜಿಕಂಬ ಒಂದು ಸುತ್ತು ಪೂರ್ತಿ ಇಳಿದು ಏರಿತು. ಅಡುಗೆಮನೆಯಲ್ಲಿದ್ದವರನ್ನು ಕೂಗಿ ಕರೆದು ತೋರಿಸಿದೆ.

ಮೈ ಒರೆಸುವಾಗ ಒಂದು ಎಚ್ಚರ. ಈ ಕಪ್ಪು ಮೈಯ ಮೇಲಿನ ಬಂಗಾರದ ಬಣ್ಣದ ಬಳ್ಳಿ, ಅಕ್ಷರ ಎಲ್ಲ ಅಂಟಿಸಿದ ಚಿತ್ರಗಳು. ಅವುಗಳ ಮೇಲೆ ಶೆಲ್ಲ್ಯಾಕ್ ಅಂದರೆ ಅರಗಿನ ಮೆರುಗು. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಕೈ ತೊಳೆಯುವ ಸ್ಯಾನಿಟೈಸರ್ ಹಚ್ಚಿ ಉಜ್ಜಿದರೆ ಎಪ್ಪತ್ತು ವರ್ಷದ ಹೊಳಪು ಒಂದು ನಿಮಿಷದಲ್ಲಿ ಹೋಗಿ ಬಿಳಿಚಿಕೊಳ್ಳುತ್ತದೆ. ಅದೇ ಹೊಲಿಗೆ ಎಣ್ಣೆಯನ್ನು ಮೆತ್ತನೆ ಬಟ್ಟೆಗೆ ಹಾಕಿ ನಿಧಾನ ಒರೆಸಿದರೆ ಸಾಕು. ಅತ್ತೆಯ ಬಲಗೈ ಹೆಬ್ಬೆರಳು ದಿನವೂ ತಾಗುತ್ತಿದ್ದ ಜಾಗದಲ್ಲಿ ಬಂಗಾರ ಸವೆದು ಕಪ್ಪಷ್ಟೇ ಉಳಿದಿದೆ. ಹೊಸ ಚಿತ್ರ ಅಂಟಿಸಿ, ಬಣ್ಣ ಹೊಡೆಸಿ ಹೊಸದರಂತೆ ಮಾಡಿಕೊಳ್ಳುವವರಿದ್ದಾರೆ. ಅವರ ಮಷಿನ್ನು, ಅವರ ಇಷ್ಟ. ನಾನಂತೂ ಆ ಸವೆದ ಜಾಗವನ್ನು ಮುಟ್ಟಲಾರೆ.

ಮಷಿನ್ನಿನ ಅಡಿಯಲ್ಲಿ ಒಂದು ತಗಡಿನ ತಟ್ಟೆ ಇದೆ, ನಡುವಿನ ಒಂದು ದೊಡ್ಡ ನಟ್ಟು ಕೈಯಲ್ಲೇ ತಿರುಗಿಸಿದರೆ ಕೈಗೆ ಬರುತ್ತದೆ. ಒಳಗೆ ತೊಟ್ಟಿಕ್ಕುವ ಎಣ್ಣೆ ಹೀರಲು ಉಣ್ಣೆಯ ಹಾಸು. ಅದರ ಮೇಲೆ ಗೇರುಗಳು, ಹಳೆಯ ಗ್ರೀಸು ಮೇಣದಂತೆ ಗಟ್ಟಿಯಾಗಿತ್ತು. ಕಡ್ಡಿಯಿಂದ ಕೆರೆದು ಹೊಸದು ಹಚ್ಚಿದೆ. ಮೋಟಾರಿಗೆ ಮಾತ್ರ ಎಣ್ಣೆ ಬಿಡಬಾರದು. ಅದಕ್ಕೆ ಎರಡು ಸಣ್ಣ ನಳಿಗೆಗಳಿವೆ, ಅವುಗಳೊಳಗೆ ಮೋಟಾರು ಬಿಸಿಯಾದಾಗ ಕರಗಿ ಇಳಿಯುವಂಥ ಗ್ರೀಸು ತುಂಬಬೇಕು. ಬೆಲ್ಟು ಬಿಗಿದಷ್ಟೂ ಒಳ್ಳೆಯದು ಅಂದುಕೊಂಡಿದ್ದೆ, ಅದು ತಪ್ಪು. ಬಿಗಿ ಬೆಲ್ಟು ಮೋಟಾರನ್ನು ಎಳೆದು ದಣಿಸುತ್ತದೆ. ಬೆರಳಿನಿಂದ ಒತ್ತಿದರೆ ಸ್ವಲ್ಪ ಬಾಗುವಷ್ಟು ಸಡಿಲ ಇರಬೇಕು.

ಹೆಚ್ಚು ಹೊತ್ತು ಹಿಡಿದದ್ದು ಸೂಜಿಯ ಅಡಿಯ ಪ್ಲೇಟು. ಅದನ್ನು ಬಿಚ್ಚಿದರೆ ಬಟ್ಟೆ ಎಳೆಯುವ ಹಲ್ಲುಗಳ ಸಾಲು ಸಾಲಿನ ನಡುವೆ ಬಟ್ಟೆಯ ನೂಲಿನ ಧೂಳು ಎಣ್ಣೆಯೊಂದಿಗೆ ಅಮರಿ ಕಂಬಳಿಯ ಚೂರಿನಂತೆ ಕೂತಿತ್ತು. ದಬ್ಬಣದ ತುದಿಯಿಂದ ಎಬ್ಬಿಸಿದಾಗ ಹಲ್ಲಿನ ಅಚ್ಚೊತ್ತಿದ ಹಾಗೆಯೇ ಎದ್ದು ಬಂತು, ಬೂದು ಬಣ್ಣ, ನಡುವೆ ಒಂದೊಂದು ನೀಲಿ ಎಳೆ. ಶುಚಿ ಮಾಡಿ ಪ್ಲೇಟು ಮರಳಿ ಕೂರಿಸಿ ಸ್ಕ್ರೂ ಬಿಗಿದು, ಸೂಜಿ ಹಾಕಿ, ಕೈಚಕ್ರ ತಿರುಗಿಸಿದೆ. ಟಕ್ ಎಂದು ಸೂಜಿ ಏನಕ್ಕೋ ಬಡಿದು ಬಾಗಿತು.

ತಪ್ಪು ನನ್ನದೇ. ಈ ಮಷಿನ್ನಿನಲ್ಲಿ ಬಾಬಿನ್ನಿನ ಸುತ್ತ ಕೊಕ್ಕೆ ಸುತ್ತುತ್ತಲೇ ಇರುತ್ತದೆ. ಒಳಗಿನ ಬಾಬಿನ್ ಮನೆ ಮಾತ್ರ ಸುತ್ತದೆ ನಿಂತಿರಬೇಕು. ಅದು ನಿಲ್ಲುವುದು ಹೇಗೆ? ಅದರ ಅಂಚಿನಿಂದ ಎದ್ದ ಒಂದು ಪುಟ್ಟ ಬೆರಳು ಪ್ಲೇಟಿನ ಅಡಿಯಲ್ಲಿ ಕೊರೆದ ಒಂದು ಕಚ್ಚಿನೊಳಗೆ ಕೂತಿರುತ್ತದೆ. ಆ ಬೆರಳಿಗೂ ಕಚ್ಚಿಗೂ ನಡುವೆ ಒಂಚೂರು ಸಂದು ಇರುತ್ತದೆ, ಮೇಲಿನ ದಾರ ಪ್ರತಿ ಹೊಲಿಗೆಗೂ ಆ ಸಂದಿನಲ್ಲೇ ನುಸುಳಿ ಹೋಗಬೇಕು. ನಾನು ಪ್ಲೇಟು ಕೂರಿಸುವಾಗ ಬೆರಳು ಕಚ್ಚಿನ ಹೊರಗಿತ್ತು. ಹಾಗಾಗಿ ಬಾಬಿನ್ ಮನೆಯೂ ಕೊಕ್ಕೆಯ ಜೊತೆ ತಿರುಗಿ ಸೂಜಿಯ ದಾರಿಗೆ ಅಡ್ಡ ಬಂತು. ಕೈಯಲ್ಲಿ ತಿರುಗಿಸಿದ್ದರಿಂದ ಒಂದು ಸೂಜಿಯಲ್ಲಿ ಮುಗಿಯಿತು, ಮೋಟಾರಿನಲ್ಲಿ ಓಡಿಸಿದ್ದರೆ ಕೊಕ್ಕೆಯ ಮೊನೆಯೇ ಹೋಗುತ್ತಿತ್ತು. ಬೆರಳನ್ನು ಕಚ್ಚಿನಲ್ಲಿ ಕೂರಿಸಿ ಕೈಚಕ್ರ ತಿರುಗಿಸಿದಾಗ ಮೇಲಿನ ದಾರದ ಕುಣಿಕೆ ಬಾಬಿನ್ ಮನೆಯನ್ನು ಪೂರ್ತಿ ಬಳಸಿ, ಆ ಸಂದಿನಲ್ಲಿ ಜಾರಿ, ಕೆಳಗಿನ ದಾರವನ್ನು ಅಪ್ಪಿಕೊಂಡು ಮೇಲೆ ಹೋಯಿತು. ದೀಪ ಹಿಡಿದು, ಹಾಸು ಮಡಚಿ, ಇದನ್ನೇ ಹತ್ತಿಪ್ಪತ್ತು ಸಲ ನೋಡಿದೆ. ವರ್ಷಗಟ್ಟಲೆ ಹೊಲಿದಿದ್ದೇನೆ, ಒಂದು ಹೊಲಿಗೆ ಹುಟ್ಟುವುದನ್ನು ಕಣ್ಣಾರೆ ಕಂಡದ್ದು ಅವತ್ತೇ.

ಸೂಜಿಯ ವಿಷಯವೂ ಹೇಳಿಬಿಡುತ್ತೇನೆ, ಇದರಿಂದ ಎಷ್ಟೋ ಒಳ್ಳೆಯ ಮಷಿನ್ನುಗಳು ಕೆಟ್ಟವೆಂಬ ಹೆಸರು ಹೊತ್ತು ಮೂಲೆ ಸೇರಿವೆ. ಈಗಿನ ಮನೆಬಳಕೆಯ ಮಷಿನ್ನುಗಳಲ್ಲಿ ಸೂಜಿಯ ಚಪ್ಪಟೆ ಬದಿ ಹಿಂದಕ್ಕೆ ಇರುತ್ತದೆ, ದಾರ ಮುಂದಿನಿಂದ ಪೋಣಿಸುತ್ತೇವೆ. ಇದರಲ್ಲಿ ಚಪ್ಪಟೆ ಬದಿ ಎಡಕ್ಕೆ, ದಾರ ಬಲಗಡೆಯಿಂದ ಎಡಕ್ಕೆ. ಸೂಜಿ ಅದೇ, ಕೂರಿಸುವ ದಿಕ್ಕು ಬೇರೆ. ತಪ್ಪಿದರೆ ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತದೆ, ಇಲ್ಲವೇ ಬೀಳುವುದೇ ಇಲ್ಲ.

ಈಗ ಕೌದಿಗೆ ಬರುತ್ತೇನೆ.

ತುಂಡು ಜೋಡಿಸುವ ಕೌದಿಯ ಲೆಕ್ಕವೆಲ್ಲ ಕಾಲು ಇಂಚಿನ ಮೇಲೆ ನಿಂತಿದೆ. ಎರಡೂವರೆ ಇಂಚಿನ ಚೌಕ ಕತ್ತರಿಸಿದರೆ ನಾಲ್ಕೂ ಬದಿಗೆ ಕಾಲು ಕಾಲು ಇಂಚು ಹೊಲಿಗೆಗೆ ಹೋಗಿ, ಹೊಲಿದ ಮೇಲೆ ಕಾಣುವುದು ಎರಡು ಇಂಚು. ಅಂಥ 16 ಚೌಕ ಸಾಲಾಗಿ ಸೇರಿಸಿದರೆ ಪಟ್ಟಿ ಮೂವತ್ತೆರಡೂವರೆ ಇಂಚು ಬರಬೇಕು. ಅದರಲ್ಲಿ 15 ಹೊಲಿಗೆ. ಪ್ರತಿ ಹೊಲಿಗೆ ಇಂಚಿನ 32ನೇ ಒಂದು ಭಾಗದಷ್ಟು, ಅಂದರೆ ಒಂದು ಮಿಲಿಮೀಟರಿಗೂ ಕಡಿಮೆ, ಒಳಗೆ ಹೋಯಿತು ಅಂದುಕೊಳ್ಳಿ. ಎರಡೂ ಕಡೆಯ ಬಟ್ಟೆ ಸೇರಿ ಹೊಲಿಗೆಗೆ ಇಂಚಿನ 16ನೇ ಒಂದು ಭಾಗ ನಷ್ಟ. ಹದಿನೈದು ಹೊಲಿಗೆಗೆ ಹೆಚ್ಚುಕಡಿಮೆ ಒಂದು ಇಂಚು. ಪಕ್ಕದ ಪಟ್ಟಿಯಲ್ಲಿ ಕೈ ಬೇರೆ ರೀತಿ ಓಡಿದ್ದರೆ ಎರಡರ ಮೂಲೆಗಳು ಎಲ್ಲಿಯೂ ಕೂಡುವುದಿಲ್ಲ. ಎಳೆದು ಕೂಡಿಸಿದರೆ ಕೌದಿ ನೆಲದ ಮೇಲೆ ಹಾಸಿದಾಗ ಅಲೆ ಏಳುತ್ತದೆ. ನನ್ನ ಅರ್ಧ ಹೊಲಿದ ಕೌದಿಯಲ್ಲಿ ಆಗಿದ್ದದ್ದು ಅದೇ. ಕೈ ಸರಿ ಇಲ್ಲ ಅಂದುಕೊಂಡಿದ್ದೆ.

ಕೈ ಒಂದೇ ಕಾರಣವಲ್ಲ. ಅಂಕುಡೊಂಕು ಹೊಲಿಯಬಲ್ಲ ಮಷಿನ್ನಿನಲ್ಲಿ ಸೂಜಿ ಎಡಬಲಕ್ಕೆ ಆಡಬೇಕು, ಹಾಗಾಗಿ ಪ್ಲೇಟಿನ ತೂತು ಅಡ್ಡಕ್ಕೆ ಉದ್ದ. ಸಣ್ಣ ಚೌಕದ ಮೂಲೆ ಅಲ್ಲಿಗೆ ಬಂದಾಗ ಸೂಜಿ ಬಟ್ಟೆಯನ್ನೂ ಒಳಕ್ಕೆ ತಳ್ಳುತ್ತದೆ. ಮೊದಲ ಎರಡು ಹೊಲಿಗೆ ಸೊಟ್ಟಗಾಗುತ್ತದೆ, ಕೆಲವೊಮ್ಮೆ ಮೂಲೆ ಪೂರ್ತಿ ಒಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ. 221ರ ಪ್ಲೇಟಿನಲ್ಲಿ ಸೂಜಿ ಇಳಿಯಲು ಒಂದು ದುಂಡು ತೂತು, ಸೂಜಿಗಿಂತ ತುಸುವೇ ದೊಡ್ಡದು. ಬಟ್ಟೆಗೆ ಒಳಗೆ ಹೋಗಲು ಜಾಗವೇ ಇಲ್ಲ. ಸೂಜಿಕಂಬಕ್ಕೂ ಆಡಲು ಎಡ ಬಲ ಇಲ್ಲ, ಮೇಲೆ ಕೆಳಗೆ ಅಷ್ಟೇ. ನಾನು ಯಾವುದನ್ನು ಕೊರತೆ ಅಂದುಕೊಂಡು ಇದನ್ನು ಮೇಲಿಟ್ಟೆನೋ, ಚೌಕಕ್ಕೆ ಚೌಕ ಸೇರಿಸುವವರಿಗೆ ಬೇಕಾದ್ದು ಅದೇ ಆಗಿತ್ತು.

ಬಟ್ಟೆಯನ್ನು ಒತ್ತಿಹಿಡಿಯುವ ಪಾದದ ಅಂಚನ್ನೂ ಪ್ಲೇಟಿನ ಗೆರೆಯನ್ನೂ ನಂಬದೆ, ಸೂಜಿಯ ಬಲಕ್ಕೆ ಅಳೆದು, ಕಾರ್ಡಿನ ಎರಡು ಪದರ ಒಟ್ಟಿಗೆ ಅಂಟಿಸಿ ಹಾಸಿನ ಮೇಲೆ ಗೋಡೆಯಂತೆ ಕೂರಿಸಿದೆ. ಬಟ್ಟೆಯ ಅಂಚು ಅದಕ್ಕೆ ಒತ್ತಿಕೊಂಡು ಹೋಗುತ್ತದೆ. ಅಳತೆ ಕಾಲು ಇಂಚಿಗಿಂತ ಒಂದೇ ಒಂದು ನೂಲೆಳೆ ಕಡಿಮೆ ಇರಬೇಕು, ಏಕೆಂದರೆ ಹೊಲಿದು ಇಸ್ತ್ರಿ ಮಾಡಿದಾಗ ಮಡಿಕೆಯ ದಪ್ಪ ಅಷ್ಟನ್ನು ತಿನ್ನುತ್ತದೆ. ಹೊಲಿಗೆಯ ಉದ್ದದ ಫಲಕದಲ್ಲಿ 6ರಿಂದ 30ರ ತನಕ ಅಂಕಿ, ಇಂಚಿಗೆ ಎಷ್ಟು ಹೊಲಿಗೆ ಎಂಬ ಲೆಕ್ಕ. ತುಂಡು ಜೋಡಿಸಲು ನಾನು 12ಕ್ಕೆ ಇಡುತ್ತೇನೆ. ಬಿಡಿ ತುಂಡು ಬಾಯಿಬಿಡದಷ್ಟು ಒತ್ತಾಗಿ, ತಪ್ಪಿದರೆ ಬಿಚ್ಚಲು ಆಗುವಷ್ಟು ಸಡಿಲವಾಗಿ. ಮೊದಲ ಪಟ್ಟಿ ಹೊಲಿದು ಅಳೆದೆ. ಮೂವತ್ತೆರಡೂವರೆ. ಎರಡನೆಯದೂ ಮೂವತ್ತೆರಡೂವರೆ. ಎರಡನ್ನೂ ಎದುರುಬದುರಾಗಿ ಇಟ್ಟು ಹೊಲಿಗೆಗಳ ಮೇಲೆ ಬೆರಳು ಜಾರಿಸಿದರೆ, ಒಂದರ ಮಡಿಕೆ ಎಡಕ್ಕೆ ಇನ್ನೊಂದರದು ಬಲಕ್ಕೆ ಇದ್ದದ್ದರಿಂದ, ಕೂಡುವ ಪ್ರತಿ ಜಾಗದಲ್ಲೂ ಅವು ಬೀಗದಂತೆ ಒಂದಕ್ಕೊಂದು ಸಿಕ್ಕಿಕೊಂಡವು.

ಈ ಸಣ್ಣ ಮಷಿನ್ನು ಮತ್ತೆ ಬೆಳಕಿಗೆ ಬಂದದ್ದೇ ಕೌದಿ ಹೊಲಿಯುವವರಿಂದ. 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನಲ್ಲಿ ಹಳೆಯ ಅಮೆರಿಕನ್ ಕ್ವಿಲ್ಟುಗಳನ್ನು, ಅಂದರೆ ಅಲ್ಲಿನ ಕೌದಿಗಳನ್ನು, ಚಿತ್ರಗಳಂತೆ ಗೋಡೆಗೆ ತೂಗುಹಾಕಿದರು. ಹಾಸಿಗೆಯ ಮೇಲಿದ್ದದ್ದು ಗೋಡೆಗೆ ಏರಿದಾಗ ಜನ ಅದನ್ನು ಬೇರೆ ಕಣ್ಣಿನಿಂದ ನೋಡಿದರು. 1979ರಲ್ಲಿ ಓಲ್ಫಾ ಎಂಬ ಜಪಾನಿ ಕಂಪನಿ ಉರುಳುವ ದುಂಡು ಬ್ಲೇಡಿನ ಕಟ್ಟರ್ ತಂದಿತು, ಕತ್ತರಿ ಹಿಡಿದು ದಿನವಿಡೀ ಮಾಡುವ ಕೆಲಸ ಒಂದು ಗಂಟೆಗೆ ಇಳಿಯಿತು. ಹೊಲಿಯುವವರು ಒಟ್ಟಿಗೆ ಸೇರಿ ಕಲಿಯತೊಡಗಿದಾಗ ಮಷಿನ್ನು ಹೊತ್ತು ಹೋಗಬೇಕಾಯಿತು, ಆಗ ಐದು ಕಿಲೋದ ಈ ಪೆಟ್ಟಿಗೆಯನ್ನು ಅಟ್ಟಗಳಿಂದ ಇಳಿಸಿದರು. 1960ರ ದಶಕದ ಕೊನೆಗೇ ಇದರ ತಯಾರಿಕೆ ನಿಂತುಹೋಗಿತ್ತು, ಹಾಗಾಗಿ ಇದ್ದದ್ದನ್ನೇ ರಿಪೇರಿ ಮಾಡಿಕೊಂಡು ಓಡಿಸುವುದು ಅಭ್ಯಾಸವಾಯಿತು. ಬಾಬಿನ್ನು, ಬೆಲ್ಟು, ಅಡಿಯ ರಬ್ಬರ್ ಕಾಲು, ಉಣ್ಣೆಯ ಹಾಸು ಇವೆಲ್ಲ ಇಂದಿಗೂ ಹೊಸದಾಗಿ ತಯಾರಾಗುತ್ತವೆ. ನನ್ನ ಕಂಪ್ಯೂಟರ್ ಮಷಿನ್ನಿನ ಬೋರ್ಡು ಸಿಗಲಿಲ್ಲ, ಅದಕ್ಕಿಂತ ಅರ್ಧ ಶತಮಾನ ಹಿರಿಯದಾದ ಇದರ ಹೆಚ್ಚಿನ ಬಿಡಿಭಾಗಗಳು ಸಿಗುತ್ತವೆ. ಬಾಬಿನ್ನು ಮಾತ್ರ ಇದರ ಅಳತೆಯದ್ದೇ ಬೇಕು, ಬೇರೆ ಮಷಿನ್ನಿನದು ಕೂರುವುದಿಲ್ಲ.

ಎಲ್ಲಕ್ಕೂ ಇದೇ ಸಾಕು ಎಂದು ಹೇಳಲಾರೆ. ಮೇಲ್ಬಟ್ಟೆ, ನಡುವಿನ ಹತ್ತಿಯ ಪದರ, ಅಡಿಯ ಅಸ್ತರು ಮೂರನ್ನೂ ಸೇರಿಸಿ ಹೊಲಿಯುವ ಹೊತ್ತಿಗೆ ಇದರ ಮಿತಿ ಗೊತ್ತಾಗುತ್ತದೆ. ಸೂಜಿಗೂ ಬಲಗಡೆಯ ಕಂಬಕ್ಕೂ ನಡುವೆ ಒಂದು ಗೇಣು ಜಾಗವೂ ಇಲ್ಲ. ದೊಡ್ಡ ಕೌದಿಯನ್ನು ಸುರುಳಿ ಸುತ್ತಿ ಅಲ್ಲಿ ತುರುಕುವುದು ಬಟ್ಟೆಗೂ ಹಿಂಸೆ, ಮಷಿನ್ನಿಗೂ ಹಿಂಸೆ. ಬಟ್ಟೆಯನ್ನು ಮನಸ್ಸಿಗೆ ಬಂದ ಕಡೆ ತಿರುಗಿಸಿ ಬಳ್ಳಿ, ಎಲೆ ಬಿಡಿಸುವಂತೆ ಹೊಲಿಯಬೇಕಾದರೆ ಅಡಿಯ ಹಲ್ಲುಗಳನ್ನು ಇಳಿಸಬೇಕು, 221ರಲ್ಲಿ ಅವು ಇಳಿಯುವುದಿಲ್ಲ. ಕಿಲ್‌ಬೋವಿಯಲ್ಲೇ ಮಾಡಿದ 222ರಲ್ಲಿ ಇಳಿಯುತ್ತಿದ್ದವು, ಅದು ಅಪರೂಪದ್ದು. ದಪ್ಪ ಜೀನ್ಸಿನ ಮಡಿಕೆಗಳ ಮೇಲೆ ಇದನ್ನು ಓಡಿಸಬಾರದು. ಓಡುತ್ತದೆ ಎಂದು ಓಡಿಸಿ ತೋರಿಸುವವರಿದ್ದಾರೆ, ನನಗೆ ಅದನ್ನು ನೋಡಿದರೆ ಸಂಕಟವಾಗುತ್ತದೆ.

ನಾನು ಹಿಡಿದ ದಾರಿ ಬೇರೆ. ಕೌದಿಯನ್ನು ಒಂದೇ ಹಾಳೆಯಾಗಿ ಮಾಡದೆ, ಹನ್ನೆರಡು ಇಂಚಿನ ಒಂದೊಂದು ಚೌಕದ ಮನೆಗೂ ಮೂರು ಪದರ ಕೂಡಿಸಿ ಆಗಲೇ ಹೊಲಿದುಬಿಡುವುದು, ಎಲ್ಲ ಆದ ಮೇಲೆ ಮನೆ ಮನೆಯನ್ನು ಪಟ್ಟಿಯಿಂದ ಸೇರಿಸುವುದು. ತೆಳುವಾದ ಹತ್ತಿಯ ಪದರ, ನೇರ ಗೆರೆಗಳು, ಒಂದೊಂದರ ನಡುವೆ ಒಂದು ಇಂಚು. ಮೇಲಿನ ಪದರವನ್ನೂ ಅಡಿಯ ಪದರದ ವೇಗದಲ್ಲೇ ಎಳೆಯುವ ನಡೆಯುವ ಪಾದ ಸಿಕ್ಕಿಸಿಕೊಂಡರೆ ಬಟ್ಟೆ ಜರುಗುವುದಿಲ್ಲ.

ಸದ್ದಿನ ಬಗ್ಗೆ ಬರೆಯದಿದ್ದರೆ ಅರ್ಧ ಹೇಳಿದಂತೆ. ಹಳೆಯ ಎಣ್ಣೆ ಹೋಗಿ ಹೊಸದು ಇಳಿದ ಮೇಲೆ ಅದು ಗಡಗಡಿಸುವುದಿಲ್ಲ; ಬೆಕ್ಕು ಪಕ್ಕದಲ್ಲಿ ಮಲಗಿ ಗುರುಗುಟ್ಟಿದ ಹಾಗೆ. ಪೆಡಲ್ಲಿನ ಮೇಲೆ ಕಾಲು ಭಾರ ಬಿಟ್ಟಷ್ಟೂ ಸದ್ದಿನ ಮಟ್ಟ ಏರುತ್ತದೆ, ಹೊಲಿಗೆ ಬಿಗಿಯಾದಾಗ, ಹೊಲಿಗೆಗಳು ಕೂಡುವ ಜಾಗ ದಾಟುವಾಗ, ಬಾಬಿನ್ನು ಖಾಲಿಯಾಗುತ್ತ ಬಂದಾಗ ಅದರ ದನಿ ಬದಲಾಗುತ್ತದೆ. ಒಂದು ತಿಂಗಳಾದ ಮೇಲೆ ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯತೊಡಗಿತು. ಚಿಕ್ಕವಳಾಗಿದ್ದಾಗ ನಾನು ಬಟ್ಟೆಯನ್ನು ಹಿಂದಿನಿಂದ ಎಳೆಯುತ್ತಿದ್ದೆ, ಬೇಗ ಮುಗಿಯಲಿ ಎಂದು. ಅತ್ತೆ ನನ್ನ ಕೈಮೇಲೆ ಕೈಯಿಟ್ಟು, "ಎಳೀಬೇಡ ಮಗಾ. ಅದಕ್ಕೆ ಗೊತ್ತು ಎಳ್ಕೊಳ್ಳೋದು. ನೀನು ದಾರಿ ತೋರ್ಸು ಸಾಕು" ಅನ್ನುತ್ತಿದ್ದರು. ಎಳೆದರೆ ಸೂಜಿ ಬಾಗಿ ಪ್ಲೇಟಿಗೆ ಬಡಿಯುತ್ತದೆ ಎಂಬ ಯಾಂತ್ರಿಕ ಕಾರಣ ಈಗ ಗೊತ್ತು. ಬಟ್ಟೆಯ ಮೇಲೆ ಕೈ ಹಗುರ ಇಟ್ಟಾಗ ಅಡಿಯಲ್ಲಿ ಹಲ್ಲುಗಳು ಬಂದು, ಹಿಡಿದು, ಒಂದು ಹೆಜ್ಜೆ ಒಯ್ದು, ಬಿಟ್ಟು, ಮತ್ತೆ ಬರುವುದು ಬೆರಳ ತುದಿಗೆ ಸ್ಪಷ್ಟವಾಗಿ ತಾಗುತ್ತದೆ.

ಬೇರೆ ಮಷಿನ್ನು ಕೊಳ್ಳುವ ವಿಚಾರ ಹಾಗೇ ಮುಂದೆ ಹೋಗಿ, ಈಗ ಬಿಟ್ಟೇಹೋಗಿದೆ.

ರಟ್ಟಿಗೆ ಸುತ್ತಿಟ್ಟ ಅತ್ತೆಯ ಐದು ದಾರಗಳನ್ನು ಕೌದಿಯಲ್ಲಿ ಸೇರಿಸಬೇಕು ಎಂಬ ಆಸೆ ಇತ್ತು. ಹಳೆಯ ನೂಲನ್ನು ಪರೀಕ್ಷಿಸುವ ರೀತಿ ಸುಲಭ: ಎರಡು ಕೈಯಲ್ಲಿ ಹಿಡಿದು ಸರಕ್ಕನೆ ಎಳೆಯಬೇಕು. ಗಟ್ಟಿ ದಾರ ಪಟ್ ಎಂದು ಸದ್ದು ಮಾಡಿ ಹರಿಯುತ್ತದೆ, ಜೀರ್ಣವಾದದ್ದು ಸದ್ದಿಲ್ಲದೆ ಬಿಟ್ಟುಕೊಳ್ಳುತ್ತದೆ. ಐದೂ ಸದ್ದಿಲ್ಲದೆ ಹರಿದವು. ಹೊಲಿಗೆಗೆ ಬಳಸಿದರೆ ಎರಡು ಒಗೆತಕ್ಕೆ ಕೌದಿ ಬಾಯಿಬಿಡುತ್ತಿತ್ತು. ಅದಕ್ಕೆ ಅವನ್ನು ಕಚ್ಚಾ ಹೊಲಿಗೆಗೆ ಇಟ್ಟುಕೊಂಡೆ. ಮೂರು ಪದರ ಜರುಗದಂತೆ ಕೈಯಿಂದ ಉದ್ದುದ್ದ ಟಾಕಾ ಹಾಕಿ, ಮಷಿನ್ನಿನ ಹೊಲಿಗೆ ಬಿದ್ದ ಮೇಲೆ ಬಿಚ್ಚಿ ತೆಗೆಯುವುದು ಅದರ ಕೆಲಸ. ಅಷ್ಟಕ್ಕೆ ಅವುಗಳಲ್ಲಿ ಶಕ್ತಿ ಇತ್ತು. ಮೊದಲ ಮನೆಗೆ ನೀಲಿ, ಎರಡನೆಯದಕ್ಕೆ ಬಿಳಿ, ಹೀಗೆ ದಾರ ಮುಗಿಯುವ ತನಕ.

ಮೊನ್ನೆ ಅವನ್ನೆಲ್ಲ ಬಿಚ್ಚಿದೆ. ಸುಲಭವಾಗಿ ಬಂದವು. ಹಸಿರು ಮಾತ್ರ ಅಂಚಿನ ಒಂದು ಮನೆಯಲ್ಲಿ ಬೆರಳುದ್ದ ಉಳಿದುಕೊಂಡಿತು. ಮಷಿನ್ನಿನ ಹೊಲಿಗೆ ಅದರ ಮೇಲೆಯೇ ಹೋಗಿತ್ತು. ಚಿಮಟಿಗೆ ಕೈಗೆತ್ತಿಕೊಂಡೆ, ಹಾಗೇ ಕೆಳಗಿಟ್ಟೆ. ಅಂಚಿನ ಪಟ್ಟಿಯನ್ನು ಅದರ ಮೇಲೆ ಮಡಿಸಿ, ದೀಪ ಹಚ್ಚಿ, ಪಾದ ಇಳಿಸಿ ಹೊಲಿದೆ.